ಮಲಗಿದಾಕಿನ್ನ ಹೊತ್ತೊಯ್ದ್ರ

ವೈನಿ, ನಿನ್ನೆ ಮಗಳು ಕಂಪ್ಯೂಟರ್‌ನ್ಯಾಗ ‘ಸ್ಕೈರಿಮ್’ ಆಡ್ಲಿಕ್ಕತ್ತಿದ್ಲು, ನಾ ಬಾಜೂಕ ಮೆಂತೇಪಲ್ಲೆ ಸೋಸ್ಕೋತ ಕೂತಿದ್ದೆ. 2011ರ ಆಟ ಅದು. ಅನಾಥಾಶ್ರಮದ ಹುಡುಗರನ್ನ ಕಾಡೂ ಗ್ರೆಲಾಡ್ ಅನ್ನೂ ಮುದುಕಿನ್ನ ಕೊಂದು, ಆಮ್ಯಾಲೆ ಒಂದ್ಕಡೆ ಮಲಗಿದ್ಲು. ಎದ್ದು ನೋಡಿದ್ರ ಯಾವುದೋ ಪಾಳು ಗುಡಿಸಲು! ಎದುರಿಗೆ ಮುಖಾ ಮುಚ್ಚಿಕೊಂಡ ಆಸ್ಟ್ರಿಡ್. ‘ನಮ್ಮ ಸುಪಾರಿ ನೀ ಕಸಗೊಂಡಿ, ಈಗ ಕಟ್ಟಿಹಾಕಿದ ಈ ಮೂವರೊಳಗ ಒಬ್ಬರನ್ನ ಕೊಲ್ಲು’ ಅನ್ನೂ ಮಾತು.

ನನಗ ಸಿಟ್ಟs ಬಂತು. ಚಪಾತಿ ಲಟ್ಟಸಾಕಿ ಕೈಯಾಗಿನ ಲಟ್ಟಣಿಗಿ ಕಸಗೊಂಡ್ಹಂಗ ಆತಲ್ಲ! ಆದ್ರ ಮಗಳ ಕತ್ತಿ ಆಕಿ ಹತ್ರನ ಬಿಟ್ಟಿದ್ರು. ಬೇಕಂದ್ರ ಆಸ್ಟ್ರಿಡ್‌ನ್ನ ಹೊಡೀಬಹುದು. ಹೊಡದ್ರ ಆ ಕೊಲೆಗಾರರ ಗುಂಪನ್ನs ಮುಗಸೂ ಕತಿ ಶುರು ಆಗ್ತದ. ಹಿಂಗಿದ್ರ ಅಪಹರಣಾ ನಡೀತದ ಅಂತೀನಿ ನಾ. ಎಚ್ಚರಾದ ಮ್ಯಾಲೆ ಆಡಾಕಿ ಮಾತಿಗೆ ಬೆಲಿ ಇರಬೇಕು.

2023ರ ‘ಬಾಲ್ಡರ್ಸ್ ಗೇಟ್ 3’ ಅಂತೂ ಅಪಹರಣದಿಂದನ ಶುರು, ಕಣ್ಣಾಗ ಹುಳಾ ಬಿಡ್ತಾರ (ಥೂ!). ಆದ್ರ ಅಲ್ಲಿ ಇನ್ನೂ ಏನೂ ಗಳಿಸಿರಂಗಿಲ್ಲ, ಹೊಟ್ಟಿ ಉರಿಯೂದಿಲ್ಲ. ನಡುವ ಹೊತ್ತೊಯ್ದು, ಗಳಿಸಿದ್ದೆಲ್ಲಾ ಕಸಗೊಂಡು, ಸುಮ್ನ ನೋಡ್ಕೋತ ಕೂಡು ಅಂದ್ರ ಅದು ಕತಿ ಅಲ್ಲ, ದಬ್ಬಾಳಿಕಿ.

ಮಗಳು ಯಾರನ್ನ ಹೊಡದ್ಲು ಅಂತ ಕೇಳಬ್ಯಾಡ್ರಿ. ಪಲ್ಲೆ ಸೋಸಿ ಮುಗದ್ರೂ ಇನ್ನೂ ವಿಚಾರ ಮಾಡ್ಕೋತ ಕೂತಿದ್ಲು.