ಪುಕ್ಕಟೆ ಆ್ಯಪ್‌ನ ಆಯ್ಕೆಗೂ ಬೀಜದ ಆಯ್ಕೆಯಷ್ಟೇ ಎಚ್ಚರ ಬೇಕು

ಬೆಳೆಗೆ ರೋಗ ತಗುಲಿದಾಗ ಎಲೆ ಕಿತ್ತು ಚೀಲದಲ್ಲಿಟ್ಟುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಬರುವುದು ನಮ್ಮ ರೈತರ ರೂಢಿ. ಈಚೆಗೆ ಎಲೆಯ ಬದಲು ಫೋನು ಬರುತ್ತಿದೆ. "ಸಾರ್, ಇದರಲ್ಲಿ ಹೀಗೆ ಬಂದಿದೆ, ಈ ಔಷಧಿ ಹೊಡೆಯಬಹುದೇ?" ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಕೆಲವರು ಕೇಳುವುದಕ್ಕೂ ಬರುವುದಿಲ್ಲ. ನೇರವಾಗಿ ಅಂಗಡಿಗೆ ಹೋಗಿ, ಫೋನಿನ ಪರದೆ ತೋರಿಸಿ, ಔಷಧಿ ಕೊಂಡು ಸಿಂಪಡಿಸಿ ಮುಗಿಸಿರುತ್ತಾರೆ.

ಇದನ್ನು ತಪ್ಪೆನ್ನುವಂತಿಲ್ಲ. ವಿಸ್ತರಣಾ ಸಿಬ್ಬಂದಿ ಸಾಲದೆಂಬುದು ಯಾವ ಹಳ್ಳಿಯವರಿಗೂ ಗುಟ್ಟಲ್ಲ. ಇಷ್ಟು ದಿನ ಬಹಳ ಮಂದಿ ರೈತರಿಗೆ ಸಲಹೆಗಾರನೆಂದರೆ ಔಷಧಿ ಅಂಗಡಿಯ ಯಜಮಾನನೇ ಆಗಿದ್ದ. ಆತ ತನ್ನಲ್ಲಿರುವ ಮಾಲನ್ನೇ ಹೇಳುವುದು ಸಹಜ. ರಾತ್ರಿ ಒಂಬತ್ತಕ್ಕೆ ಕೇಳಿದರೂ ಬೇಸರವಿಲ್ಲದೆ, ಕಾಸು ಕೇಳದೆ, ಕನ್ನಡದಲ್ಲೇ ಉತ್ತರ ಕೊಡುವ ಸಾಧನ ಕೈಗೆ ಬಂದಿರುವಾಗ ಅದನ್ನು ಬೇಡವೆನ್ನುವುದು ಬರಿಯ ಹಠವಾದೀತು. ಆದರೆ ಫೋನಿನಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವ ಕೆಲಸಕ್ಕೆ ಇಟ್ಟುಕೊಳ್ಳಬೇಕು ಎಂಬುದನ್ನು ರೈತರು ಯೋಚಿಸಿ ತೀರ್ಮಾನಿಸುವ ಕಾಲ ಬಂದಿದೆ. ಬಿತ್ತನೆ ಬೀಜ ಕೊಳ್ಳುವಾಗ ಚೀಲದ ಚೀಟಿ ನೋಡಿ, ಹತ್ತು ಕಡೆ ವಿಚಾರಿಸುವವರು ಆ್ಯಪ್ ವಿಷಯದಲ್ಲಿ ಮಾತ್ರ ಪಕ್ಕದವರ ಫೋನಿನಲ್ಲಿದ್ದುದನ್ನೇ ಹಾಕಿಸಿಕೊಂಡು ಸುಮ್ಮನಾಗುತ್ತಾರೆ.

ಕೃತಕ ಬುದ್ಧಿಯ ಆ್ಯಪ್‌ಗಳೆಲ್ಲ ಒಂದೇ ಜಾತಿಯವೆಂದು ತಿಳಿಯುವುದರಿಂದಲೇ ಗೊಂದಲ ಆರಂಭವಾಗುತ್ತದೆ. ಎಲೆ, ಕಾಯಿ, ಹುಳುವಿನ ಚಿತ್ರ ನೋಡಿ ರೋಗದ ಹೆಸರು ಹೇಳುವವು ಒಂದು ಬಗೆ. ಯಾವ ವಿಷಯ ಕೇಳಿದರೂ ಮಾತಿನಲ್ಲಿ ಉತ್ತರಿಸುವವು ಇನ್ನೊಂದು ಬಗೆ. 2022ರ ನವೆಂಬರಿನಲ್ಲಿ ಬಂದ ಚಾಟ್ ಜಿಪಿಟಿ, 2024ರ ಜೂನ್‌ನಲ್ಲಿ ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳಲ್ಲಿ ಆ್ಯಪ್ ಆಗಿ ಬಂದ ಗೂಗಲ್ ಸಂಸ್ಥೆಯ ಜೆಮಿನಿ ಈ ಬಗೆಯವು. ಇವೂ ಚಿತ್ರ ನೋಡಬಲ್ಲವು. ಇನ್ನು ಸರ್ಕಾರದವು, ಒಂದೊಂದು ಕೆಲಸಕ್ಕೆಂದೇ ಮಾಡಿದಂಥವು.

ಮಾತಿನಲ್ಲಿ ಉತ್ತರಿಸುವ ಆ್ಯಪ್‌ಗಳ ಕೆಲಸದ ರೀತಿಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಇವು ಅಪಾರ ಬರಹಗಳನ್ನು ಮೊದಲೇ ಅರೆದು ಕುಡಿದಿರುತ್ತವೆ. ಪ್ರಶ್ನೆ ಕೇಳಿದಾಗ, ಒಂದು ಮಾತಿನ ಹಿಂದೆ ಯಾವ ಮಾತು ಬರುವುದು ಸಹಜವೋ ಅದನ್ನು ಪೋಣಿಸುತ್ತ ಹೋಗುತ್ತವೆ. ಹೀಗಾಗಿ ಉತ್ತರ ಸರಿಯಿದ್ದರೂ ತಪ್ಪಿದ್ದರೂ ದನಿ ಒಂದೇ ತೆರ. ನಮ್ಮ ಹಳ್ಳಿಗಳಲ್ಲಿ ವಿಷಯ ಗೊತ್ತಿಲ್ಲದವರು ತುಸು ತಡವರಿಸುವುದುಂಟು, ಅದರಿಂದಲೇ ನಮಗೆ ತಿಳಿಯುತ್ತದೆ. ಈ ಯಂತ್ರ ಸಾಮಾನ್ಯವಾಗಿ ತಡವರಿಸುವುದಿಲ್ಲ. ತಪ್ಪಾಗಬಹುದೆಂಬ ಎಚ್ಚರಿಕೆಯನ್ನು ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಅದನ್ನು ಓದುವವರು ಎಷ್ಟು ಮಂದಿ?

ಕನ್ನಡದಲ್ಲಿ ಕೇಳಿದಾಗ ಇನ್ನೊಂದು ತೊಡಕಿದೆ. ವಿಜಯಪುರ, ಕಲಬುರಗಿ ಕಡೆಯವರಿಗೆ ಜೋಳವೆಂದರೆ ರೊಟ್ಟಿಯ ಬಿಳಿಜೋಳ. ದಕ್ಷಿಣದ ಎಷ್ಟೋ ಊರುಗಳಲ್ಲಿ ಬರಿಯ ಜೋಳವೆಂದರೆ ಮುಸುಕಿನ ಜೋಳ, ಅದೇ ದಾವಣಗೆರೆ, ಹಾವೇರಿ ಕಡೆಯ ಗೋವಿನಜೋಳ. "ಜೋಳದ ಸುಳಿ ಒಣಗುತ್ತಿದೆ, ಏನು ಮಾಡಬೇಕು?" ಎಂದು ವಿಜಯಪುರದ ರೈತ ಕೇಳುವುದು ಬಹುಮಟ್ಟಿಗೆ ಸುಳಿನೊಣದ ಬಾಧೆಯನ್ನು ಕುರಿತು. ಯಂತ್ರ ಅದನ್ನು ಮುಸುಕಿನ ಜೋಳವೆಂದು ತಿಳಿದು ಕಾಂಡಕೊರಕಕ್ಕೆ ಮದ್ದು ಹೇಳಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಬೆಳೆಯ ಹೆಸರನ್ನು ಎರಡು ರೀತಿಯಲ್ಲಿ ಹೇಳಿ, ತಳಿ, ಬಿತ್ತಿದ ದಿನ, ಮಣ್ಣು, ನೀರಾವರಿಯೋ ಮಳೆಯಾಶ್ರಯವೋ ಎಂಬುದನ್ನೂ ಸೇರಿಸಿ ಕೇಳಬೇಕು. ಟೈಪು ಮಾಡುವುದು ಕಷ್ಟವಾದರೆ ಮೈಕಿನ ಗುರುತು ಒತ್ತಿ ಮಾತಿನಲ್ಲೇ ಹೇಳಬಹುದು. ಹೇಳಿದ್ದು ಸರಿಯಾಗಿ ಬರಹಕ್ಕೆ ಇಳಿದಿದೆಯೇ ಎಂದು ಮಕ್ಕಳಿಂದ ಓದಿಸಿ ನೋಡುವುದು ಮೇಲು.

ಯಾವ ಆ್ಯಪ್ ಒಳ್ಳೆಯದು ಎಂದು ಕೇಳುವವರಿಗೆ ನಾವು ಕೊಡುವ ಸಲಹೆ ಸರಳ. ನಿಮಗೆ ಉತ್ತರ ಚೆನ್ನಾಗಿ ಗೊತ್ತಿರುವ ಪ್ರಶ್ನೆಯನ್ನೇ ಮೊದಲು ಕೇಳಿ. ಅಡಿಕೆ ಬೆಳೆಗಾರರಾದರೆ ಶೇಕಡಾ ಒಂದರ ಬೋರ್ಡೋ ದ್ರಾವಣ ಮಾಡುವ ಕ್ರಮ ಕೇಳಬಹುದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಮಿಶ್ರಣವಾದ ಮೇಲೆ ಹೊಳೆಯುವ ಚಾಕುವನ್ನು ಅದ್ದಿ ನೋಡಿದಾಗ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ಮಲೆನಾಡಿನಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆದವರಿಗೆಲ್ಲ ಇದು ಬಾಯಿಪಾಠ. ಇಂಥ ಐದಾರು ಪ್ರಶ್ನೆಗಳನ್ನು ಕೇಳಿ, ಅದೇ ಪ್ರಶ್ನೆಯನ್ನು ಮಾರನೆಯ ದಿನ ಬೇರೆ ಮಾತಿನಲ್ಲಿ ಕೇಳಿ. ಎರಡು ದಿನ ಎರಡು ಅಳತೆ ಹೇಳಿದರೆ ಆ ಆ್ಯಪ್ ಅಳತೆ ಕೇಳಲು ಯೋಗ್ಯವಲ್ಲ. ಗೊತ್ತಿರುವುದರಲ್ಲಿ ತಪ್ಪುವುದು ಗೊತ್ತಿಲ್ಲದುದರಲ್ಲಿ ಸರಿಯಾಗಿರುತ್ತದೆಂದು ನಂಬಲು ಕಾರಣವಿಲ್ಲ.

ಔಷಧಿಯ ಪ್ರಮಾಣದ ವಿಷಯದಲ್ಲಂತೂ ಪರೀಕ್ಷೆಯಲ್ಲಿ ಗೆದ್ದ ಆ್ಯಪ್‌ನ ಮಾತನ್ನೂ ಕೊನೆಯದೆಂದು ತಿಳಿಯಬಾರದು. ಒಂದು ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ. ಹೆಕ್ಟೇರಿಗೆ 500 ಮಿಲಿಲೀಟರು ಎಂದಿರುವುದು ಎಕರೆಗೆ 500 ಎಂದಾದರೆ ಬೆಳೆಗೆ ಬೀಳುವುದು ಎರಡೂವರೆ ಪಟ್ಟು ವಿಷ. ಹೆಸರು ಒಂದೇ ಇದ್ದರೂ ಶಕ್ತಿ ಬೇರೆ ಇರುವುದುಂಟು. ಇಮಿಡಾಕ್ಲೋಪ್ರಿಡ್ 17.8 ಎಸ್.ಎಲ್. ಎಂಬ ದ್ರವವೂ ಇದೆ, 70 ಡಬ್ಲ್ಯು.ಜಿ. ಎಂಬ ಹರಳಿನ ರೂಪವೂ ಇದೆ. ಒಂದರ ಅಳತೆ ಇನ್ನೊಂದಕ್ಕೆ ಹಾಕಿದರೆ ಏನಾದೀತೆಂದು ಹೇಳಬೇಕಾಗಿಲ್ಲ. ಇವು ಓದಿದ ಬರಹಗಳಲ್ಲಿ ಹಳೆಯವೂ ಸೇರಿರುತ್ತವೆ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ತಡೆಯಿತು. ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಜನ ಅದರಿಂದ ಪಟ್ಟ ಪಾಡನ್ನು ನಾಡೇ ಬಲ್ಲದು. ಆದರೆ ಅದಕ್ಕೂ ಹಿಂದಿನ ಬೇಸಾಯದ ಪುಸ್ತಕಗಳಲ್ಲಿ ಅದು ಹತ್ತಾರು ಬೆಳೆಗಳಿಗೆ ಶಿಫಾರಸಾಗಿತ್ತು. ಡಬ್ಬಿಯ ಮೇಲಿನ ಚೀಟಿ ಮತ್ತು ಒಳಗಿನ ಕರಪತ್ರವೇ ಅಳತೆಗೆ ಆಧಾರ. ಅದರಲ್ಲಿ ನಿಮ್ಮ ಬೆಳೆಯ ಹೆಸರಿದೆಯೇ, ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು, ವಿಷದ ಗುರುತು ಕೆಂಪೋ ಹಳದಿಯೋ ನೀಲಿಯೋ ಹಸಿರೋ ಎಂಬುದನ್ನು ನೋಡದೆ ಪಂಪು ಹೆಗಲಿಗೇರಿಸಬಾರದು. ಸಿಂಪಡಿಸುವ ಕೂಲಿಯಾಳಿನ ಉಸಿರಿಗೂ ತರಕಾರಿ ತಿನ್ನುವ ಮಗುವಿನ ಹೊಟ್ಟೆಗೂ ಹೋಗುವುದು ಇದೇ ಅಳತೆ.

ಚಿತ್ರ ನೋಡುವ ಆ್ಯಪ್‌ಗಳ ಮಿತಿ ಬೇರೆ ತೆರನಾದುದು. ಅವುಗಳಿಗೆ ಕಲಿಸಿದ ರೋಗ, ಹುಳುಗಳ ಪಟ್ಟಿ ಒಂದಿರುತ್ತದೆ. ಕಂಡದ್ದನ್ನು ಆ ಪಟ್ಟಿಯೊಳಗಿನ ಯಾವುದಾದರೊಂದಕ್ಕೆ ಹೊಂದಿಸುವುದು ಅವುಗಳ ಸ್ವಭಾವ. ಪಟ್ಟಿಯಲ್ಲಿಲ್ಲದ ಹೊಸ ಪೀಡೆ ಬಂದರೆ ಹಳೆಯ ಹೆಸರೇ ಬಂದೀತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಮುಸುಕಿನ ಜೋಳದಲ್ಲಿ ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ದೇಶದಲ್ಲೇ ಮೊದಲಿಗೆ ಕಂಡಾಗ ಅದನ್ನು ಗುರುತಿಸಿದ್ದು ಹೊಲಕ್ಕಿಳಿದ ಕೀಟಶಾಸ್ತ್ರಜ್ಞರು. ಈಗ ಅದರ ಗುರುತು ಎಲ್ಲರಿಗೂ ತಿಳಿದಿದೆ: ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಆ್ಯಪ್ ಇದೇ ಹುಳುವೆಂದರೆ ಹಿಡಿದು ನೋಡಿ ಖಚಿತಮಾಡಿಕೊಳ್ಳಬಹುದು. ಇನ್ನೊಂದು ಮಾತು. ಕ್ಯಾಮೆರಾಕ್ಕೆ ಕಾಣುವುದು ಎಲೆ ಮಾತ್ರ. ಅಡಿಕೆಯ ಅಥವಾ ಕಬ್ಬಿನ ಬೇರನ್ನು ಗೊಣ್ಣೆ ಹುಳು ತಿನ್ನುತ್ತಿದ್ದರೂ ಮೇಲೆ ಕಾಣುವುದು ಹಳದಿ ಬಣ್ಣವೇ. ನೀರು ನಿಂತರೂ ಹಳದಿ, ಸಾರಜನಕ ಕಡಿಮೆಯಾದರೂ ಹಳದಿ. ಬುಡ ಅಗೆದು ನೋಡದೆ ಯೂರಿಯಾ ಎರಚಿದರೆ ಹುಳುವಿಗೇನೂ ಆಗದು.

ಆ್ಯಪ್ ಯಾರದು, ಅವರಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ವಿಚಾರಿಸಬೇಕು. ನಮ್ಮಲ್ಲಿ ಬಹಳ ಬಳಕೆಗೆ ಬಂದಿರುವ ಪ್ಲಾಂಟಿಕ್ಸ್ ಎಂಬುದು 2015ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಸಂಸ್ಥೆಯದು. ಕನ್ನಡದಲ್ಲಿದೆ, ರೈತರಿಗೆ ಪುಕ್ಕಟೆ, ಗುರುತಿಸುವ ಕೆಲಸಕ್ಕೆ ಸಹಾಯಕ. ಅದೇ ಸಂಸ್ಥೆ ಕೃಷಿ ಪರಿಕರ ಮಾರುವ ಅಂಗಡಿಗಳವರೊಡನೆಯೂ ವ್ಯವಹಾರ ನಡೆಸಿದೆಯೆಂಬುದು ತಿಳಿದಿರಲಿ. ಬಳಸಬೇಡಿ ಎಂದು ನಾವು ಹೇಳುತ್ತಿಲ್ಲ. ರೋಗದ ಹೆಸರನ್ನು ತೆಗೆದುಕೊಳ್ಳಿ, ಔಷಧಿಯ ಹೆಸರನ್ನು ಬೇರೆ ಕಡೆ ವಿಚಾರಿಸಿ. ಕೇಂದ್ರ ಸರ್ಕಾರ 2024ರ ಆಗಸ್ಟ್ 15ರಂದು ಆರಂಭಿಸಿದ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯ ಆ್ಯಪ್ ಸಹ ಚಿತ್ರ ನೋಡಿ ಹೇಳುವಂಥದು. ಅದರ ಹಿಂದೆ ಅಂಗಡಿಯಿಲ್ಲ. ಎರಡರಲ್ಲೂ ಅದೇ ಎಲೆ ತೋರಿಸಿ ನೋಡಿದರೆ ನಷ್ಟವೇನು? 2023ರ ಸೆಪ್ಟೆಂಬರಿನಲ್ಲಿ ಬಂದ ಕಿಸಾನ್ ಇ-ಮಿತ್ರ ಪಿ.ಎಂ. ಕಿಸಾನ್ ಕಂತು ಮೊದಲಾದ ಯೋಜನೆಗಳ ವಿಚಾರ ಕೇಳಲು ಇರುವುದು. ಅದರಲ್ಲಿ ಎಲೆಚುಕ್ಕೆ ರೋಗ ಕೇಳಿ ಬಯ್ಯುವುದರಲ್ಲಿ ಅರ್ಥವಿಲ್ಲ.

ಪುಕ್ಕಟೆ ಎಂಬ ಮಾತಿಗೂ ಒಂದು ಗಡುವು ಇರುತ್ತದೆ. 2025ರಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್ಪ್ಲೆಕ್ಸಿಟಿಯ ಹಣದ ಸೇವೆಯನ್ನು ಒಂದು ವರ್ಷಕ್ಕೂ, ಜಿಯೋ ಜೆಮಿನಿಯ ಹಣದ ಸೇವೆಯನ್ನು ಹದಿನೆಂಟು ತಿಂಗಳಿಗೂ ಉಚಿತವಾಗಿ ಕೊಟ್ಟವು. ಇಂಥ ಕೊಡುಗೆ ಪಡೆಯುವಾಗ ಯು.ಪಿ.ಐ. ಅಥವಾ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ಒಪ್ಪಿಗೆ ಕೇಳಿದರೆ ಯೋಚಿಸಿ ಒತ್ತಬೇಕು. ರೈತನ ಸಾಧಾರಣ ಪ್ರಶ್ನೆಗಳಿಗೆ ಹಣದ ಸೇವೆಯ ಅವಶ್ಯಕತೆ ನಮಗಂತೂ ಕಂಡಿಲ್ಲ.

ಆ್ಯಪನ್ನು ಪ್ಲೇ ಸ್ಟೋರಿನಿಂದಲೇ ಇಳಿಸಿಕೊಳ್ಳಬೇಕು. ಹೆಸರಿನ ಕೆಳಗೆ ತಯಾರಿಸಿದವರ ಹೆಸರು ಇರುತ್ತದೆ. ಚಾಟ್ ಜಿಪಿಟಿಗೆ ಓಪನ್ ಎಐ, ಜೆಮಿನಿಗೆ ಗೂಗಲ್ ಎಂದಿಲ್ಲದಿದ್ದರೆ ಅದು ನಕಲಿ. ಪಿ.ಎಂ. ಕಿಸಾನ್ ಹೆಸರು ಹೇಳಿ ವಾಟ್ಸಾಪಿನಲ್ಲಿ ಎ.ಪಿ.ಕೆ. ಎಂಬ ಫೈಲು ಕಳಿಸಿ, ಅದನ್ನು ಒತ್ತಿದವರ ಬ್ಯಾಂಕ್ ಖಾತೆ ಬರಿದುಮಾಡಿದ ಪ್ರಕರಣಗಳು ದೇಶದಲ್ಲಿ ನಡೆದಿವೆ. ಹಾಗಾದಲ್ಲಿ ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಎಲೆ ನೋಡುವ ಆ್ಯಪ್‌ಗೆ ಕ್ಯಾಮೆರಾ ಬೇಕು, ಸರಿ, ನಿಮ್ಮ ಎಸ್.ಎಂ.ಎಸ್. ಓದುವ ಅನುಮತಿ ಯಾಕೆ ಬೇಕು? ಪಹಣಿ, ಆಧಾರ್, ಪಾಸ್‌ಬುಕ್ಕಿನ ಚಿತ್ರಗಳನ್ನು ಯಾವ ಪ್ರಶ್ನೋತ್ತರದ ಆ್ಯಪ್‌ಗೂ ಹಾಕಬಾರದು.

ಒಂದು ಮನೆಗೆ ಚಿತ್ರ ನೋಡುವ ಆ್ಯಪ್ ಎರಡು, ಮಾತನಾಡುವುದು ಒಂದು ಸಾಕು. ಇವುಗಳ ಜೊತೆಗೆ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. 2004ರಿಂದ ಇರುವ ಈ ಸೇವೆಯಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡ ಬಲ್ಲ ಮನುಷ್ಯರೇ ಮಾತನಾಡುತ್ತಾರೆ, ಕರೆಗೆ ಹಣವಿಲ್ಲ. ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಬರುವವರು ಗಿಡವನ್ನು ಬೇರು, ಮಣ್ಣಿನ ಸಮೇತ ತರಬೇಕು. ಫೋನಿನಲ್ಲಿ ಬಂದ ಉತ್ತರವನ್ನು ಅಳಿಸದೆ ಹಾಗೆಯೇ ಇಟ್ಟುಕೊಂಡು ಬಂದರೆ ಗಿಡವನ್ನೂ ಅದನ್ನೂ ಒಟ್ಟಿಗೆ ನೋಡಲು ಅನುಕೂಲವಾಗುತ್ತದೆ.