ಯಂತ್ರಕ್ಕೊಂದು ಪುಸ್ತಕವಿದೆ, ಮೆಕ್ಯಾನಿಕನಿಗೆ?



ಹೋಟೆಲು ಕೆಲಸದವರ ಪತ್ರಿಕೆಯಲ್ಲಿ ಡೀಸೆಲ್ ಎಂಜಿನಿನ ಮಾತೇಕೆ ಎಂದು ಕೆಲವರು ಕೇಳಿಯಾರು. ಕಾರಣವಿದೆ. ತಟ್ಟೆ ತೊಳೆಯುವ ಕೆಲಸಕ್ಕೆಂದು ಊರಿನಿಂದ ಬಂದ ನಮ್ಮ ಹುಡುಗರಲ್ಲಿ ಕೆಲವರು ಈಗ ಹೋಟೆಲು ಬಿಟ್ಟು ಜೆಸಿಬಿ, ಕ್ರೇನು, ಜನರೇಟರುಗಳನ್ನು ರಿಪೇರಿ ಮಾಡುವ ಶೆಡ್ಡುಗಳನ್ನು ಸೇರಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಮಣ್ಣು ಕೆಲಸಕ್ಕೆ ಬಂದವರ ಮಕ್ಕಳೂ ಅಲ್ಲಿಯೇ ಸ್ಪ್ಯಾನರು ಹಿಡಿದಿದ್ದಾರೆ. ಏನಾದರೂ ತೊಂದರೆಯಾದರೆ ಅವರು ಬರುವುದು ನಮ್ಮ ಸಂಘದ ಬಾಗಿಲಿಗೇ. ಆದುದರಿಂದ ಅವರ ಪರವಾಗಿ ನಾಲ್ಕು ಮಾತು ಬರೆಯಬೇಕಾಗಿದೆ.

ಮುಂಬಯಿಯು ಇಂದು ಯಂತ್ರಗಳಿಂದ ಕಟ್ಟಲ್ಪಡುತ್ತಿರುವ ನಗರ. ಸಮುದ್ರದ ಮೇಲಿನ ಅಟಲ್ ಸೇತು 2024ರ ಜನವರಿ 12ರಂದು ಉದ್ಘಾಟನೆಯಾಯಿತು. ನವಿ ಮುಂಬಯಿಯ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಯಿತು. ಉದ್ಘಾಟಕರ ಹೆಸರು ಕಲ್ಲಿನ ಮೇಲೆ ಇದೆ, ಇರಲಿ. ಇಂಥ ಕೆಲಸಗಳಲ್ಲಿ ರಾತ್ರಿ ಎರಡು ಗಂಟೆಗೆ ನಿಂತುಹೋದ ಯಂತ್ರದ ಕೆಳಗೆ ಅಂಗಾತ ಮಲಗಿ, ಬೆಳಗಿನ ಪಾಳಿಗೆ ಅದನ್ನು ಓಡುವಂತೆ ಮಾಡಿಕೊಟ್ಟವನ ಹೆಸರು ಮಾತ್ರ ಕಾಗದದ ಮೇಲೂ ಇರುವುದಿಲ್ಲ. ನನ್ನ ತಕರಾರು ಇರುವುದು ಈ ಕಾಗದದ ವಿಷಯದಲ್ಲೇ.

ಮಣ್ಣು ಅಗೆಯುವ ಯಂತ್ರವನ್ನು ನೋಡಿರಿ. ಅದು ಎಷ್ಟು ತಾಸು ದುಡಿಯಿತೆಂದು ತೋರಿಸಲು ಒಂದು ಮೀಟರು ಇದೆ. ದಿನಕ್ಕೊಮ್ಮೆ, ಅಂದರೆ ಸುಮಾರು 10 ತಾಸಿಗೆ, ಕೀಲುಗಳಿಗೆ ಗ್ರೀಸು ಹಾಕಬೇಕು. 250 ಅಥವಾ 500 ತಾಸಿಗೆ ಎಂಜಿನ್ ಎಣ್ಣೆ, ಫಿಲ್ಟರು ಬದಲಿಸಬೇಕು. ಇಷ್ಟನ್ನೂ ಧಣಿಗಳು ಪುಸ್ತಕದಲ್ಲಿ ತಾರೀಕು ಹಾಕಿ ಬರೆಸಿಡುತ್ತಾರೆ. ಏಕೆಂದರೆ ನಾಳೆ ಯಂತ್ರವನ್ನು ಮಾರಬೇಕಾದರೆ ಕೊಳ್ಳುವವನು ಮೊದಲು ಕೇಳುವುದು ಆ ಪುಸ್ತಕವನ್ನು. ಪುಸ್ತಕವಿದ್ದ ಯಂತ್ರಕ್ಕೆ ಬೆಲೆ ಹೆಚ್ಚು.

ಆ ಯಂತ್ರವನ್ನು ಬಿಚ್ಚಿ ಜೋಡಿಸುವವನಿಗೆ ಯಾವ ಪುಸ್ತಕವಿದೆ? ಹದಿನೆಂಟಕ್ಕೆ ಹೆಲ್ಪರ್ ಎಂದು ಸೇರುತ್ತಾನೆ. ಎರಡು ವರ್ಷ ಬಿಡಿಭಾಗಗಳನ್ನು ಡೀಸೆಲಿನಲ್ಲಿ ತೊಳೆಯುತ್ತಾನೆ, ಉಸ್ತಾದನಿಗೆ ಚಹಾ ತರುತ್ತಾನೆ. ಆಮೇಲೆ ಪಂಪು ಬಿಚ್ಚಲು, ನಾಜಲ್ ಪರೀಕ್ಷಿಸಲು, ಸಿಲಿಂಡರಿನ ಸೀಲು ಬದಲಿಸಲು ಕಲಿಯುತ್ತಾನೆ. ಏಳೆಂಟು ವರ್ಷಕ್ಕೆ ಹೊಗೆಯ ಬಣ್ಣ ನೋಡಿಯೇ ರೋಗ ಹೇಳಬಲ್ಲವನಾಗುತ್ತಾನೆ. ಕರಿ ಹೊಗೆಯಾದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ, ನೀಲಿಯಾದರೆ ಎಣ್ಣೆ ಉರಿಯುತ್ತಿದೆ ಎನ್ನುತ್ತಾನೆ. ಅಷ್ಟರಲ್ಲಿ ಶೆಡ್ಡು ಮುಚ್ಚಿತೆನ್ನಿ. ಬೇರೆ ಕಂಪೆನಿಯ ಗೇಟಿನಲ್ಲಿ "ಸರ್ಟಿಫಿಕೇಟು ಎಲ್ಲಿ?" ಎಂದು ಕೇಳಿದಾಗ ಅವನು ತೋರಿಸಬಹುದಾದದ್ದು ಎಣ್ಣೆ ಹತ್ತಿದ ಎರಡು ಕೈಗಳನ್ನು ಮಾತ್ರ. ಮತ್ತೆ ಹೆಲ್ಪರ್, ಮತ್ತೆ ಹೆಲ್ಪರಿನ ಸಂಬಳ.

ನಾನು ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿ ಸಪ್ಲೈಯರ್ ಆದವನು. ನಮ್ಮಲ್ಲಿಯೂ ಕಾಗದವಿರಲಿಲ್ಲ. ಆದರೆ ದೋಸೆ ಭಟ್ಟನ ಯೋಗ್ಯತೆಗೆ ಕಾವಲಿಯೇ ಸಾಕ್ಷಿ. ಒಂದು ದೋಸೆ ಹೊಯ್ದು ತೋರಿಸಿದರೆ ಯಜಮಾನರು ಅಂದೇ ಕೆಲಸ ಕೊಡುತ್ತಾರೆ. ಕೆಟ್ಟರೆ ಒಂದು ಸೌಟು ಹಿಟ್ಟು ಕೆಟ್ಟೀತು. ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಪರೀಕ್ಷೆಗೆಂದು ಅಪರಿಚಿತನ ಕೈಗೆ ಯಾರೂ ಕೊಡುವುದಿಲ್ಲ. ಆದುದರಿಂದ ನಮಗಿಂತಲೂ ಮೆಕ್ಯಾನಿಕನಿಗೆ ಕಾಗದದ ಅಗತ್ಯ ಹೆಚ್ಚು.

ಜೀವಕ್ಕೆ ಅಪಾಯವಾದಾಗಲೂ ಕಾಗದ ಬೇಕು. ದೊಡ್ಡ ಅಗೆಯುವ ಯಂತ್ರಗಳಲ್ಲಿ ಹೈಡ್ರಾಲಿಕ್ ಎಣ್ಣೆಯ ಒತ್ತಡ 300 ಬಾರನ್ನು ಮೀರುತ್ತದೆ; ಲಾರಿಯ ಟೈರಿನಲ್ಲಿರುವ ಗಾಳಿಯ ಒತ್ತಡಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು. ಪೈಪಿನಲ್ಲಿ ಸೂಜಿ ಮೊನೆಯಷ್ಟು ತೂತಿದ್ದರೆ ಅಲ್ಲಿಂದ ಹೊರಡುವ ಎಣ್ಣೆ ಕಣ್ಣಿಗೆ ಕಾಣದು, ಆದರೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸೊಳ್ಳೆ ಕಚ್ಚಿದಂತೆ ಒಂದು ಚುಕ್ಕೆ. ಹುಡುಗ ಬಟ್ಟೆಯಲ್ಲಿ ಒರೆಸಿಕೊಂಡು ಕೆಲಸ ಮುಂದುವರಿಸುತ್ತಾನೆ. ಕೆಲವು ತಾಸುಗಳೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳೋ ಕೈಯೋ ಹೋಗುವ ಸಂಭವವಿದೆ. ಸೋರಿಕೆಯನ್ನು ರಟ್ಟಿನ ತುಂಡು ಹಿಡಿದು ಹುಡುಕಬೇಕೇ ಹೊರತು ಬರಿಗೈ ಸವರಿ ಅಲ್ಲ. ಎತ್ತಿ ನಿಲ್ಲಿಸಿದ ಬಕೆಟಿಗೆ ಗಟ್ಟಿ ಊರೆ ಕೊಡದೆ ಅದರ ಕೆಳಗೆ ನುಸುಳಬಾರದು. ಇನ್ನು ಮುಚ್ಚಿದ ಶೆಡ್ಡಿನ ಹೊಗೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು, ಡೀಸೆಲ್ ಹೊಗೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು 2012ರಲ್ಲಿಯೇ ಸಾರಿದೆ. ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ 1923ರಲ್ಲೇ ಬಂತು. ಆದರೆ ಪರಿಹಾರ ಕೇಳುವವನು ತಾನು ಅಲ್ಲಿ ಕೆಲಸಕ್ಕಿದ್ದೆನೆಂದು ಮೊದಲು ತೋರಿಸಬೇಕಲ್ಲ!

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ಅನೇಕ ಆಕ್ಷೇಪಗಳಿವೆ. ಅದು ಬೇರೆ ಲೇಖನದ ಮಾತು. ಆದರೆ ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡತಕ್ಕದ್ದೆಂದು ಅವುಗಳಲ್ಲಿ ಹೇಳಿದೆ. ಇದನ್ನು ನಾವು ಬಿಡಬಾರದು. ಕೊರತೆಯೊಂದಿದೆ. ಈ ನಿಯಮವಿರುವ ಸಂಹಿತೆ ಅನ್ವಯಿಸುವುದು ಮುಖ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ. ನಾಲ್ಕು ಹುಡುಗರ ಶೆಡ್ಡು ಅದರ ಹೊರಗೆ ಉಳಿಯುತ್ತದೆ. ಕಾನೂನು ಎಲ್ಲಿ ನಿಂತಿತೋ ಅಲ್ಲಿಂದ ಸಂಘದ ಕೆಲಸ ಆರಂಭವಾಗಬೇಕು.

ಕಾಲವೂ ಬದಲಾಗಿದೆ. ಚಕ್ರದ ಮೇಲೆ ಓಡುವ ನಿರ್ಮಾಣ ಯಂತ್ರಗಳಿಗೆ ಹೊಗೆಯ ಹೊಸ ನಿಯಮಗಳು 2021ರ ಏಪ್ರಿಲಿನಲ್ಲೂ, ಇನ್ನೂ ಕಠಿಣವಾದವು 2025ರ ಜನವರಿಯಲ್ಲೂ ಬಂದವು. ಹೊಸ ಎಂಜಿನುಗಳ ರೋಗವನ್ನು ಕಿವಿಗೊಟ್ಟು ಕೇಳಿದರೆ ಸಾಲದು, ಲ್ಯಾಪ್‌ಟಾಪು ಜೋಡಿಸಿ ಓದಬೇಕು. ಓದು ಬಾರದ ಉಸ್ತಾದನೂ ಹಿಂದೆ ಬೀಳುವ ದಿನ ಬಂದಿದೆ. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಶಿಕ್ಷಣ ಒಂದೇ ವರ್ಷದ್ದು, ಆದರೆ ಹತ್ತನೆಯ ತರಗತಿ ಪಾಸಾಗಿರಬೇಕು. ನನ್ನಂತೆ ಮಿಡ್ಲ್ ಸ್ಕೂಲಿಗೇ ಶಾಲೆ ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಗೆ ಕೂರಬಹುದು. ಇಷ್ಟಲ್ಲದೆ, ಕೆಲಸ ಮಾಡುತ್ತಲೇ ಕಲಿತವನ ವಿದ್ಯೆಯನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ಏರ್ಪಾಡನ್ನು ಕೇಂದ್ರ ಸರಕಾರ ತನ್ನ ಕೌಶಲ ಯೋಜನೆಯಲ್ಲಿ 2015ರಿಂದ ನಡೆಸಿದೆ. ನಮ್ಮ ಹುಡುಗರಿಗೆ ಇದರ ಸುದ್ದಿಯನ್ನು ಮುಟ್ಟಿಸುವವರಿಲ್ಲ.

"ನಾನು ಪುಕ್ಕಟೆ ಕಲಿಸಿದೆ, ಸರ್ಟಿಫಿಕೇಟು ಬಂದ ಮರುದಿನ ಓಡಿಹೋಗುತ್ತಾನೆ" ಎಂಬುದು ಶೆಡ್ಡಿನ ಧಣಿಗಳ ಮಾತು. ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ಕಲಿಸುವವನಿಗೆ ಶ್ರಮವಿದೆ, ಕಲಿಯುವವನು ಕೆಡಿಸಿದ ಸಾಮಾನಿನ ನಷ್ಟವೂ ಇದೆ. ಆದರೆ ಎರಡು ವರ್ಷ ಅರ್ಧ ಸಂಬಳಕ್ಕೆ ದುಡಿದವನು ಗುರುದಕ್ಷಿಣೆಯನ್ನು ಕೊಟ್ಟೇ ಮುಗಿಸಿದ್ದಾನೆ. ಒಳ್ಳೆಯ ಸಂಬಳ ಕೊಟ್ಟು ಉಳಿಸಿಕೊಳ್ಳುವುದು ನ್ಯಾಯ. ಕಾಗದ ತಡೆದು ಕಟ್ಟಿಹಾಕುವುದು ಅನ್ಯಾಯ. "ಕಾಗದವೇಕೆ, ಕೈಗೆ ನಗದು ಬಂದರೆ ಸಾಕು" ಎನ್ನುವ ನಮ್ಮ ತಮ್ಮಂದಿರಿಗೂ ಒಂದು ಮಾತು: ನಗದು ಶನಿವಾರದಿಂದ ಶನಿವಾರದವರೆಗೆ ಬಂದೀತು. ಕೈ ಜಜ್ಜಿಹೋದ ಮೇಲಿನ ಶನಿವಾರಕ್ಕೆ ಏನಿದೆ?

ನಮ್ಮ ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಒಂದು, ಪ್ರತಿಯೊಬ್ಬ ಮೆಕ್ಯಾನಿಕನಿಗೂ ಹೆಲ್ಪರನಿಗೂ ಸಂಘವೇ ಒಂದು ಕೆಲಸದ ಪುಸ್ತಕ ಅಚ್ಚುಹಾಕಿಸಿ ಕೊಡಲಿ. ಯಾವ ಯಂತ್ರ, ಯಾವ ರಿಪೇರಿ, ಯಾವ ತಾರೀಕು, ಯಾರ ಸಹಿ ಎಂದು ಅದರಲ್ಲಿ ಬರೆದಿಡಲಿ. ಎರಡು, ಭಾನುವಾರ ಬೆಳಿಗ್ಗೆ ಎರಡು ತಾಸು ಸಂಘದ ಕೋಣೆಯಲ್ಲಿ ತರಗತಿ ನಡೆಯಲಿ. ಬಿಡಿಭಾಗಗಳ ಇಂಗ್ಲಿಷ್ ಹೆಸರು, ನಕ್ಷೆ ಓದುವುದು, ಅಪಾಯ ತಪ್ಪಿಸುವ ಕ್ರಮ ಇಷ್ಟನ್ನು ಅನುಭವಿಗಳಾದ ಉಸ್ತಾದರೇ ಕನ್ನಡದಲ್ಲಿ ಹೇಳಿಕೊಡಲಿ. ಮೂರು, ಸರ್ಟಿಫಿಕೇಟಿನ ಪರೀಕ್ಷೆಗೆ ಹೋಗುವವರ ಅರ್ಜಿ ಬರೆದುಕೊಡಲು ವಾರಕ್ಕೊಂದು ಸಂಜೆ ಒಬ್ಬರು ಕಚೇರಿಯಲ್ಲಿ ಕುಳಿತಿರಲಿ.

ಇದಕ್ಕೆ ದೊಡ್ಡ ನಿಧಿ ಬೇಕಾಗಿಲ್ಲ. ಈ ನಗರದಲ್ಲಿ ಹೋಟೆಲು ಹುಡುಗರಿಗಾಗಿ ಕನ್ನಡದ ರಾತ್ರಿ ಶಾಲೆಗಳನ್ನು ನಡೆಸಿದ ಹಿರಿಯರಿಗೂ ನಿಧಿ ಇರಲಿಲ್ಲ. ಒಂದು ಕೋಣೆ, ಒಂದು ದೀಪ, ಕಲಿಸುವ ಮನಸ್ಸು ಇದ್ದವು. ಕೋಣೆ ನಮ್ಮಲ್ಲಿದೆ, ದೀಪವಿದೆ. ಕಲಿಸಬಲ್ಲ ಉಸ್ತಾದರು ತಮ್ಮ ಹೆಸರನ್ನು ಈ ತಿಂಗಳೊಳಗೆ ಸಂಘದ ಕಚೇರಿಗೆ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.