ಸಿಗ್ನಲ್ ಫುಲ್ ಇದ್ದರೂ ಪೊಲೀಸ್ ಸ್ಕ್ಯಾನರ್‌ನಲ್ಲಿ ಮಾತು ಯಾಕೆ ಒಡೆಯುತ್ತದೆ?

"ಈ ಆ್ಯಪ್ ಹಾಕಿಕೊಳ್ಳಿ, ನಿಮ್ಮ ಫೋನೇ ಪೊಲೀಸ್ ಸ್ಕ್ಯಾನರ್ ಆಗುತ್ತದೆ." ಅಮೆರಿಕದಲ್ಲಿರುವ ಕನ್ನಡಿಗರ ವಾಟ್ಸಾಪ್ ಗ್ರೂಪುಗಳಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಹಬ್ಬಿದಾಗ, ಇಂತಹ ಮೆಸೇಜುಗಳು ಓಡಾಡುತ್ತವೆ. ಜೊತೆಗೆ ಇನ್ನೆರಡು ಸಲಹೆಗಳೂ ಬರುತ್ತವೆ: ಧ್ವನಿ ಒಡೆದರೆ ದೊಡ್ಡ ಆಂಟೆನಾ ಹಾಕಿ, ಆಗಲೂ ಕೇಳದಿದ್ದರೆ ಪೊಲೀಸರು ಗುಪ್ತಲಿಪಿ ಹಾಕಿದ್ದಾರೆ ಎಂದು ತಿಳಿಯಿರಿ. ಇವುಗಳಲ್ಲಿ ಎಷ್ಟು ನಿಜ?

ಮೊದಲು ಆ್ಯಪ್ ವಿಷಯ. ಪೊಲೀಸ್ ರೇಡಿಯೋವನ್ನು ನಿಮ್ಮ ಫೋನ್ ನೇರವಾಗಿ ಹಿಡಿಯುವುದಿಲ್ಲ, ಅದಕ್ಕೆ ಬೇಕಾದ ರಿಸೀವರ್ ಅದರಲ್ಲಿಲ್ಲ. ಯಾರೋ ಹವ್ಯಾಸಿ ತಮ್ಮ ಮನೆಯಲ್ಲಿ ನಿಜವಾದ ಸ್ಕ್ಯಾನರ್ ಇಟ್ಟು, ಅದರ ಧ್ವನಿಯನ್ನು ಇಂಟರ್ನೆಟ್‌ಗೆ ಹರಿಸಿರುತ್ತಾರೆ. ಆ್ಯಪ್ ಅದನ್ನು ಸ್ವಲ್ಪ ತಡವಾಗಿ ನಿಮಗೆ ಕೇಳಿಸುತ್ತದೆ. ಅವರ ಮನೆಯಲ್ಲಿ ಮಾತು ಒಡೆದಿದ್ದರೆ ನಿಮ್ಮ ಫೋನಿನಲ್ಲಿ ಏನು ಮಾಡಿದರೂ ಸರಿಹೋಗುವುದಿಲ್ಲ. ಹಾಗಾದರೆ ಅಲ್ಲಿ ಯಾಕೆ ಒಡೆಯುತ್ತದೆ?

ಅಮೆರಿಕದ ಅನೇಕ ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆಗಳು ಪ್ರಾಜೆಕ್ಟ್ 25 ಎಂಬ ಡಿಜಿಟಲ್ ಪದ್ಧತಿಯನ್ನು ಬಳಸುತ್ತವೆ. ಇದರಲ್ಲಿ 'ಟ್ರಂಕಿಂಗ್' ಇದೆ. ಬ್ಯಾಂಕಿನ ಟೋಕನ್ ಇದ್ದ ಹಾಗೆ: ಯಾವ ಕೌಂಟರ್ ಖಾಲಿಯೋ ಅಲ್ಲಿಗೆ ಮುಂದಿನವರನ್ನು ಕಳಿಸುತ್ತಾರೆ. ಇಲ್ಲಿ ಕಂಟ್ರೋಲ್ ಚಾನೆಲ್ ಎಂಬುದು "ಈ ತಂಡದ ಮಾತು ಈಗ ಇಂಥ ತರಂಗಾಂತರದಲ್ಲಿ" ಎಂದು ಕ್ಷಣಕ್ಷಣಕ್ಕೂ ಹೇಳುತ್ತಿರುತ್ತದೆ. ಸ್ಕ್ಯಾನರ್ ಅದನ್ನು ಓದಿ ಹಿಂಬಾಲಿಸಬೇಕು. ಇದು ಕಷ್ಟವೇನಲ್ಲ.

ಕಷ್ಟ ಇರುವುದು 'ಸೈಮಲ್‌ಕಾಸ್ಟ್' ಎಂಬಲ್ಲಿ. ಇಡೀ ಊರಿಗೆ ಒಂದು ಟವರ್ ಸಾಲದು, ಪ್ರತಿ ಟವರಿಗೂ ಬೇರೆ ತರಂಗಾಂತರ ಕೊಡುವಷ್ಟು ಜಾಗವೂ ಇಲ್ಲ. ಹಾಗಾಗಿ ಹಲವು ಟವರುಗಳು ಒಂದೇ ತರಂಗಾಂತರದಲ್ಲಿ ಒಂದೇ ಮಾತನ್ನು ಒಟ್ಟಿಗೆ ಬಿತ್ತರಿಸುತ್ತವೆ. ಊರ ಜಾತ್ರೆಯಲ್ಲಿ ಬೀದಿಯುದ್ದಕ್ಕೂ ಹಾರ್ನ್ ಸ್ಪೀಕರ್ ಕಟ್ಟಿರುವುದನ್ನು ನೆನಪಿಸಿಕೊಳ್ಳಿ. ಒಂದು ಸ್ಪೀಕರಿನ ಕೆಳಗೆ ನಿಂತರೆ ಮೈಕಿನ ಮಾತು ಸ್ಪಷ್ಟ. ಎರಡರ ನಡುವೆ ನಿಂತರೆ ಸದ್ದು ಜೋರಾಗಿಯೇ ಇರುತ್ತದೆ, ಆದರೆ ಪ್ರತಿ ಪದವೂ ಎರಡೆರಡು ಸಲ ಬಂದು ಒಂದೂ ಅರ್ಥವಾಗುವುದಿಲ್ಲ. ಸದ್ದು ಹೆಚ್ಚಿಸಿದರೆ ಗೊಂದಲವೂ ಹೆಚ್ಚುತ್ತದೆ, ಅಷ್ಟೇ.

ಲೆಕ್ಕ ನೋಡೋಣ. ಪ್ರಾಜೆಕ್ಟ್ 25ರ ಮೊದಲ ಹಂತದಲ್ಲಿ ಸೆಕೆಂಡಿಗೆ 4800 ಸಂಕೇತಗಳು ಹೋಗುತ್ತವೆ, ಅಂದರೆ ಒಂದೊಂದಕ್ಕೂ ಸುಮಾರು 208 ಮೈಕ್ರೋಸೆಕೆಂಡ್. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಸಾಗುತ್ತದೆ. ಒಂದು ಟವರ್ ಇನ್ನೊಂದಕ್ಕಿಂತ 15 ಕಿಲೋಮೀಟರ್ ದೂರವಿದ್ದರೆ ಅದರ ಸಂಕೇತ 50 ಮೈಕ್ರೋಸೆಕೆಂಡ್ ತಡ, ಸಂಕೇತದ ಕಾಲು ಭಾಗ ಜರುಗಿದಂತೆ. ಎರಡೂ ಸಮಬಲದಲ್ಲಿ ಬಂದರೆ ಒಂದರ ಮೇಲೊಂದು ಬಿದ್ದು ಕೆಲವೊಮ್ಮೆ ಒಂದನ್ನೊಂದು ಅಳಿಸಿಹಾಕುತ್ತವೆ. ಪೊಲೀಸರ ಕೈಯಲ್ಲಿರುವ ರೇಡಿಯೋಗಳನ್ನು ಈ ಕಲಸುಮೇಲೋಗರ ಬಿಡಿಸಲೆಂದೇ ಮಾಡಿರುತ್ತಾರೆ. ಹಳೆಯ ಸ್ಕ್ಯಾನರುಗಳು ಹಾಗಲ್ಲ, ಅವು ಎಫ್‌ಎಂ ರೇಡಿಯೋದ ರೀತಿಯಲ್ಲೇ ಸಂಕೇತ ಓದುತ್ತವೆ. ಅಲೆಯ ಬಲದಲ್ಲಾಗುವ ಏರಿಳಿತ ಅವುಗಳ ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಸಿಗ್ನಲ್ ಕಡ್ಡಿ ಫುಲ್, ಮಾತು ಚೂರುಚೂರು.

ಈ ಚೂರುಗಳು ಅಪಾಯ ಯಾಕೆ ಎಂದರೆ, ಬಿಟ್ಟ ಜಾಗವನ್ನು ನಮ್ಮ ಕಿವಿ ತಾನೇ ತುಂಬಿಕೊಳ್ಳುತ್ತದೆ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಆರೋಪಿಗಳನ್ನು ಹುಡುಕುತ್ತಿದ್ದ ರಾತ್ರಿ ಸಾವಿರಾರು ಜನ ಸ್ಕ್ಯಾನರ್ ಕೇಳುತ್ತಿದ್ದರು. ಒಬ್ಬ ಅಧಿಕಾರಿ ಒಂದು ಹೆಸರನ್ನು ಅಕ್ಷರ ಬಿಡಿಸಿ, "ಎಂ ಅಂದರೆ ಮೈಕ್" ಎಂಬರ್ಥದಲ್ಲಿ ಹೇಳಿದ. ಕೇಳಿದವರು 'ಮೈಕ್' ಎಂಬುದೇ ಆರೋಪಿಯ ಹೆಸರೆಂದು ಹಂಚಿದರು. ಅದರ ಜೊತೆಗೇ, ಒಂದು ತಿಂಗಳಿಂದ ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನ ಹೆಸರೂ ಸ್ಕ್ಯಾನರ್‌ನಲ್ಲಿ ಬಂತೆಂದು ಹಬ್ಬಿತು. ಇಬ್ಬರಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಆ ಹುಡುಗನ ಶವ ನದಿಯಲ್ಲಿ ಸಿಕ್ಕಿತು. ಅಂದು ಕೇಳಿದ ಮಾತು ಸ್ಪಷ್ಟವಾಗಿಯೇ ಇತ್ತು ಎಂಬುದನ್ನು ಗಮನಿಸಿ. ಅರ್ಧ ಮಾತು ಮಾತ್ರ ಬರುವ ಕಡೆ "ಖಾಲಿ ಮಾಡಿ" ಮತ್ತು "ಖಾಲಿ ಮಾಡಬೇಕಿಲ್ಲ" ನಡುವಿನ ವ್ಯತ್ಯಾಸ ಎಷ್ಟು ಸುಲಭವಾಗಿ ಕಳೆದುಹೋಗಬಹುದು ಯೋಚಿಸಿ.

ಈಗ ಗುಪ್ತಲಿಪಿಯ ಪ್ರಶ್ನೆ. ನ್ಯೂಯಾರ್ಕ್ ನಗರದ ಪೊಲೀಸರು 2023ರಿಂದ ತಮ್ಮ ರೇಡಿಯೋ ಮಾತನ್ನು ಗುಪ್ತಗೊಳಿಸತೊಡಗಿದ್ದು ನಿಜ. ಆದರೆ ಎರಡಕ್ಕೂ ಲಕ್ಷಣ ಬೇರೆ. ಗುಪ್ತಲಿಪಿ ಇದ್ದರೆ ಸ್ಕ್ಯಾನರ್ ಪೂರ್ತಿ ಮೌನ, ಇಲ್ಲವೇ ಪರದೆಯಲ್ಲಿ ಅದರ ಸೂಚನೆ. ಸ್ಕ್ಯಾನರನ್ನು ಎಲ್ಲಿಟ್ಟರೂ ಅದೇ ಕತೆ. ಸೈಮಲ್‌ಕಾಸ್ಟ್ ತೊಂದರೆಯಾದರೆ ಪದಗಳು ತುಂಡಾಗುತ್ತವೆ, ರೋಬೋಟ್ ದನಿ ಬರುತ್ತದೆ, ಜಾಗ ಬದಲಿಸಿದರೆ ಅದೂ ಬದಲಾಗುತ್ತದೆ. 850 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಆದ್ದರಿಂದ ಒಂದು ಗೇಣು ಸರಿಸಿದರೂ ಫಲ ಕಾಣಬಹುದು. ಸ್ಕ್ಯಾನರ್ ದೋಷದ ಪ್ರಮಾಣ ತೋರಿಸುವಂತಿದ್ದರೆ ಸಿಗ್ನಲ್ ಕಡ್ಡಿ ಬಿಟ್ಟು ಅದನ್ನೇ ನೋಡುತ್ತಾ ಮನೆಯೊಳಗೆ ಓಡಾಡಿ.

ದೊಡ್ಡ ಆಂಟೆನಾ? ಎಲ್ಲ ದಿಕ್ಕಿನಿಂದಲೂ ಹಿಡಿಯುವ ಎತ್ತರದ ಆಂಟೆನಾ ಇನ್ನಷ್ಟು ಟವರುಗಳನ್ನು ಎಳೆದು ತರುತ್ತದೆ, ಹಾಗಾಗಿ ಈ ಸಲಹೆ ಹೆಚ್ಚಿನ ಸಲ ಉಲ್ಟಾ ಹೊಡೆಯುತ್ತದೆ. ಬೇಕಾಗಿರುವುದು ಒಂದೇ ಟವರ್ ಮೇಲುಗೈ ಸಾಧಿಸುವುದು. ಹಿಂದೆ ದೂರದರ್ಶನಕ್ಕೆ ಮಾಳಿಗೆ ಮೇಲೆ ಹಾಕುತ್ತಿದ್ದೆವಲ್ಲ, ಮೀನಿನ ಮುಳ್ಳಿನಂತಹ ಯಾಗಿ ಆಂಟೆನಾ, ಅದರ ಚಿಕ್ಕ ರೂಪವನ್ನು ಒಂದು ಟವರ್ ಕಡೆ ತಿರುಗಿಸಿದರೆ ಹಿಂದಿನವು ಕ್ಷೀಣಿಸುತ್ತವೆ. ಅತಿ ಹತ್ತಿರದ ಟವರೇ ಆಗಬೇಕೆಂದಿಲ್ಲ, ಉಳಿದವು ಬೆನ್ನ ಹಿಂದೆ ಬೀಳುವಂತಹದ್ದು ಒಳ್ಳೆಯದು. ಖರ್ಚೇ ಬೇಡವೆಂದರೆ ಸ್ಕ್ಯಾನರನ್ನು ಬೇರೆ ಕಿಟಕಿಯ ಬಳಿ ಇಟ್ಟು ನೋಡಿ, ಕಾಂಕ್ರೀಟ್ ಗೋಡೆ ಒಂದು ಟವರನ್ನು ಪುಕ್ಕಟೆಯಾಗಿ ಮರೆಮಾಡುತ್ತದೆ. ಬಲ ತಗ್ಗಿಸುವ ಅಟೆನ್ಯುಯೇಟರ್ ಗುಂಡಿಯ ಬಗ್ಗೆ ನಮಗೆ ಅಷ್ಟು ಭರವಸೆ ಇಲ್ಲ. ಅದು ಎಲ್ಲ ಟವರುಗಳನ್ನೂ ಒಂದೇ ಸಮ ತಗ್ಗಿಸುತ್ತದೆ. ಪಕ್ಕದಲ್ಲೇ ಟವರಿದ್ದು ರಿಸೀವರ್ ತತ್ತರಿಸುತ್ತಿದ್ದರೆ ಮಾತ್ರ ಹೆಚ್ಚು ಉಪಯೋಗ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಉಪಕರಣವೇ ಬದಲಾಗಬೇಕು. ಯುನಿಡೆನ್ ಕಂಪನಿಯ ಎಸ್‌ಡಿಎಸ್100 ತರಹದ ಸ್ಕ್ಯಾನರುಗಳು ಅಲೆಯನ್ನು ಇಡಿಯಾಗಿ ಅಂಕಿಗಳಾಗಿಸಿ ಸಾಫ್ಟ್‌ವೇರಿನಲ್ಲಿ ಬಿಡಿಸುತ್ತವೆ, ಬೆಲೆ ಮಾತ್ರ ದುಬಾರಿ. ಅಗ್ಗದ ದಾರಿ, ಟಿವಿ ನೋಡಲೆಂದು ಮಾಡಿದ ಯುಎಸ್‌ಬಿ ಡಾಂಗಲ್. ಅದು ರೇಡಿಯೋ ಅಲೆಗಳನ್ನು ಕಚ್ಚಾ ರೂಪದಲ್ಲೇ ಕಂಪ್ಯೂಟರಿಗೆ ಕೊಡಬಲ್ಲದೆಂದು 2012ರಲ್ಲಿ ಹವ್ಯಾಸಿಗಳು ಜಗತ್ತಿಗೆ ತಿಳಿಸಿದರು. ಎಸ್‌ಡಿಆರ್‌ಟ್ರಂಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸೈಮಲ್‌ಕಾಸ್ಟ್‌ಗೆಂದೇ ಪ್ರತ್ಯೇಕ ಆಯ್ಕೆ ಇದೆ. ಅದನ್ನು ಆರಿಸದೆ ಹೊಸ ಆಂಟೆನಾ ಕೊಳ್ಳಬೇಡಿ.

ಇವೆಲ್ಲ ಅಮೆರಿಕದ ಮಾತು. ಅಲ್ಲಿ ಗುಪ್ತವಲ್ಲದ ಪೊಲೀಸ್ ರೇಡಿಯೋ ಕೇಳಲು ಕೇಂದ್ರದ ಕಾನೂನು ಅಡ್ಡಿ ಮಾಡುವುದಿಲ್ಲ, ಕಾರಿನಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳುವುದಕ್ಕೆ ಕೆಲವು ರಾಜ್ಯಗಳು ಮಿತಿ ಹಾಕಿವೆ. ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ತರುವ ಯೋಚನೆ ಇದ್ದರೆ ಬಿಡಿ: ಭಾರತದಲ್ಲಿ ಪರವಾನಗಿಯಿಲ್ಲದೆ ಇಂತಹ ರೇಡಿಯೋ ಉಪಕರಣ ಇಟ್ಟುಕೊಳ್ಳುವುದಕ್ಕೆ 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ನಿರ್ಬಂಧವಿದೆ, ಅನುಮತಿಯಿಲ್ಲದೆ ಸಂದೇಶ ಕದ್ದಾಲಿಸುವುದು 2023ರ ದೂರಸಂಪರ್ಕ ಕಾಯ್ದೆಯಲ್ಲೂ ಅಪರಾಧವೇ.